ಹನ್ನೆರಡು ಹಳ್ಳಿಗಳ ಮಾತು: ನಿಯಮಗಿರಿ, 2013

ಮುರಕಲ್ಲಿನ ನಾಡಿನವರಾದ ನಮಗೆ ಕಲ್ಲಿನೊಳಗೆ ನೀರಿದೆ ಎಂಬ ಮಾತನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಪೆರ್ಲ, ಬಾಯಾರು ಕಡೆಯ ಸುರಂಗಗಳನ್ನು ನೋಡಿದವರಿಗೆ ಅದು ಗೊತ್ತು. ಗುಡ್ಡದ ಹೊಟ್ಟೆಯನ್ನು ಆಳೆತ್ತರಕ್ಕೆ ಕೊರೆದು ಒಳಹೋದರೆ, ಮಳೆಗಾಲದಲ್ಲಿ ಕುಡಿದ ನೀರನ್ನು ಮುರಕಲ್ಲು ಬೇಸಗೆಯಲ್ಲಿಯೂ ಹನಿಹನಿಯಾಗಿ ಬಿಟ್ಟುಕೊಡುತ್ತದೆ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದೂ ನಮ್ಮ ಮಲಬಾರಿನಿಂದಲೇ. ಅಂಗಾಡಿಪ್ಪುರದಲ್ಲಿ ಕಂಡ ಕಲ್ಲನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಹಾಗೆ ಕರೆದ. ಈ ಜಾತಿಯ ಕಲ್ಲಿನಲ್ಲಿ ಅಲ್ಯುಮಿನಿಯಂನ ಅಂಶ ಹೆಚ್ಚಿದ್ದರೆ ಅದೇ ಬಾಕ್ಸೈಟ್. ನಮ್ಮ ಕಾಸರಗೋಡು, ಕಣ್ಣೂರು ಜಿಲ್ಲೆಗಳಲ್ಲಿಯೂ ಅದು ಅಲ್ಲಲ್ಲಿ ಇದೆ.

ಒಡಿಶಾದ ನೈರುತ್ಯ ಮೂಲೆಯಲ್ಲಿ, ಕಾಳಹಂಡಿ ಮತ್ತು ರಾಯಗಡ ಜಿಲ್ಲೆಗಳ ನಡುವೆ ಇರುವ ನಿಯಮಗಿರಿಯ ನೆತ್ತಿಯ ಮೇಲೆ ಇಂತಹ ಬಾಕ್ಸೈಟಿನ ದಪ್ಪನೆಯ ಪದರವಿದೆ. ನಾನು ಆ ಬೆಟ್ಟವನ್ನು ಕಂಡವನಲ್ಲ. ನ್ಯಾಯಾಲಯದ ತೀರ್ಪು, ಸಮಿತಿಗಳ ವರದಿ, ಪತ್ರಿಕೆಗಳ ಸುದ್ದಿ ಇವುಗಳನ್ನು ಓದಿ ತಿಳಿದದ್ದಷ್ಟೇ. ಆದರೂ ಓದುತ್ತ ಹೋದಂತೆ ಅದು ದೂರದ ಕತೆ ಎನಿಸಲಿಲ್ಲ. ಮಳೆನೀರನ್ನು ಹೀರಿ ಹಿಡಿದಿಡುವ ಆ ಪದರದ ಕೆಳಗಿನಿಂದ ನೂರಾರು ತೊರೆಗಳು ಹುಟ್ಟುತ್ತವೆ. ವಂಶಧಾರಾ ನದಿಯ ಮೂಲ ಆ ಬೆಟ್ಟಸಾಲಿನಲ್ಲಿದೆ. ಮೇಲಿನ ಇಳಿಜಾರುಗಳಲ್ಲಿ ನೂರಕ್ಕೂ ಮಿಕ್ಕಿ ಹಾಡಿಗಳಲ್ಲಿ ದೊಂಗ್ರಿಯ ಕೊಂಧರು ವಾಸಿಸುತ್ತಾರೆ. ಸುಮಾರು ಎಂಟು ಸಾವಿರ ಜನ. ಅನಾನಸು, ಅರಸಿನ, ಬಾಳೆ, ಹಲಸು ಅವರ ಬೆಳೆ. ನಿಯಮರಾಜ ಅವರ ದೇವರು. ಗುಡಿ ಗೋಪುರಗಳಿಲ್ಲದ, ಬೆಟ್ಟವೇ ಆಗಿರುವ ದೇವರು. ಅವರಾಡುವ ಕುವಿ ಭಾಷೆ ದ್ರಾವಿಡ ಕುಟುಂಬದ್ದು. ಕಣ್ಣಿಗೆ ಅವರೂ ಕಣ್ಣು ಎನ್ನುತ್ತಾರೆ, ಮನೆಗೆ ಇಲ್ಲು ಎನ್ನುತ್ತಾರೆ. ನಮ್ಮ ಹಳಗನ್ನಡದ ಇಲ್, ಮಲಯಾಳದ ಇಲ್ಲಂ ಬಲ್ಲವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕೆ?

ಬೆಟ್ಟದ ಬುಡದ ಲಾಂಜಿಗಢದಲ್ಲಿ ವೇದಾಂತ ಕಂಪೆನಿಯು ವರ್ಷಕ್ಕೆ ಹತ್ತು ಲಕ್ಷ ಟನ್ ಸಾಮರ್ಥ್ಯದ ಅಲ್ಯುಮಿನಾ ಸಂಸ್ಕರಣಾಗಾರವನ್ನು ಕಟ್ಟಿತು. ಮೇಲಿನ ಅದಿರನ್ನು ಒಡಿಶಾ ಗಣಿ ನಿಗಮ ತೆಗೆದು ಕೊಡಬೇಕೆಂಬುದು ಏರ್ಪಾಡು. ಬೇಕಾಗಿದ್ದ ಅರಣ್ಯ ಭೂಮಿ ಸುಮಾರು 660 ಹೆಕ್ಟೇರ್. ಅದಿರಿನ ಅಂದಾಜು 7.2 ಕೋಟಿ ಟನ್. ಗಣಿಗೆ ಅನುಮತಿ ಸಿಗುವ ಮೊದಲೇ ಕಾರ್ಖಾನೆ ಎದ್ದು ನಿಂತಿತು ಎಂಬುದನ್ನು ಇಲ್ಲಿ ನೆನಪಿಡಬೇಕು. ಕೋಟಿಗಟ್ಟಲೆ ರೂಪಾಯಿ ಹೂಡಿಯಾಗಿದೆ, ಇನ್ನು ಅದಿರು ಕೊಡದಿದ್ದರೆ ಹೇಗೆ ಎಂಬ ವಾದಕ್ಕೆ ಅದರಿಂದ ಬಲ ಬಂತು.

ಜನರನ್ನು ಕೇಳಲಿಲ್ಲವೇ ಎಂದರೆ, ಕಾಗದದ ಮೇಲೆ ಕೇಳಿದ್ದರು. 2003ರಲ್ಲಿ ಕೆಳಗಿನ ಊರುಗಳಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಪ್ರಕಟಣೆ ಪತ್ರಿಕೆಗಳಲ್ಲಿ ಬಂದಿತ್ತು. ಪತ್ರಿಕೆ ಹೋಗದ, ಓದು ಬಲ್ಲವರು ತೀರ ವಿರಳವಾದ ಹಾಡಿಗಳಿಗೆ ಆ ಸುದ್ದಿ ಮುಟ್ಟುವ ಬಗೆ ಯಾವುದು? ಪರಿಸರ ಪರಿಣಾಮದ ವರದಿಯನ್ನು ಕುವಿಯಲ್ಲಿ ಯಾರೂ ಓದಿ ಹೇಳಲಿಲ್ಲ. ಆದರೂ ನಿಯಮ ಪಾಲನೆಯಾಯಿತು.

ಇಲ್ಲಿ ನನ್ನ ಮೇಜಿನ ಮಾತೊಂದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಬ್ಯಾಂಕಿನ ಗುಮಾಸ್ತ. ಹೆಬ್ಬೆಟ್ಟು ಒತ್ತುವ ಗ್ರಾಹಕರು ಬಂದಾಗ ಫಾರಂ ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ ಎಂಬ ಸಾಲಿನ ಕೆಳಗೆ ಸಾಕ್ಷಿ ಹಾಕಬೇಕು. ಫಾರಂ ಇರುವುದು ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಮಲಯಾಳದಲ್ಲಿ. ಎದುರಿಗೆ ಕುಳಿತ ಅಜ್ಜಿಗೆ ಬರುವುದು ಕನ್ನಡ, ತುಳು. ಹೊರಗೆ ಸಾಲು ಬೆಳೆದಿರುತ್ತದೆ. ಎಲ್ಲ ಸಲವೂ ಪೂರ್ತಿ ಓದಿ ಹೇಳಿದ್ದೇನೆಯೇ? ಇಲ್ಲ. "ಇಲ್ಲಿ ಒತ್ತಿ ಅಜ್ಜಿ" ಎಂದು ಇಂಕ್ ಪ್ಯಾಡನ್ನು ಮುಂದಕ್ಕೆ ತಳ್ಳಿದ್ದೂ ಉಂಟು. ಆದುದರಿಂದ 2003ರ ಸಭೆಯ ಬಗ್ಗೆ ಓದಿದಾಗ ಸಿಟ್ಟಿಗಿಂತ ಮೊದಲು ನನಗೆ ನಾಚಿಕೆಯಾಯಿತು.

ಮುಂದಿನ ಹತ್ತು ವರ್ಷಗಳ ಕೋರ್ಟು ಕಚೇರಿಗಳ ಓಡಾಟವನ್ನು ಚಿಕ್ಕದಾಗಿ ಹೇಳುತ್ತೇನೆ. 2005ರಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ ಗಣಿಗೆ ಅವಕಾಶ ಬೇಡವೆಂದಿತು. ಕೋರ್ಟು 2008ರ ಆಗಸ್ಟಿನಲ್ಲಿ ಷರತ್ತುಗಳೊಡನೆ ಹಸಿರು ನಿಶಾನೆ ತೋರಿತು. ವರ್ಷದ ಲಾಭದ ಶೇಕಡಾ 5 ಅಥವಾ 10 ಕೋಟಿ ರೂಪಾಯಿ, ಯಾವುದು ಹೆಚ್ಚೋ ಅಷ್ಟನ್ನು ಸ್ಥಳೀಯ ಅಭಿವೃದ್ಧಿಗೆ ಕೊಡಬೇಕೆಂಬುದು ಅವುಗಳಲ್ಲಿ ಒಂದು. ಕಾಳಹಂಡಿಯ ಬಡತನ ಬಲ್ಲವರಿಗೆ ಅದು ಸಣ್ಣ ಮೊತ್ತವಲ್ಲ. ಅಭಿವೃದ್ಧಿ ಬೇಕೆಂದವರೆಲ್ಲ ದುರಾಸೆಯವರು ಎನ್ನಲು ನಾನು ತಯಾರಿಲ್ಲ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಕಂಪೆನಿ ಕಾರ್ಖಾನೆಯನ್ನು ಆರು ಪಟ್ಟು ಹಿಗ್ಗಿಸಲು ಹೊರಟಿತ್ತು. ಎನ್.ಸಿ. ಸಕ್ಸೇನಾ ಸಮಿತಿ 2010ರ ಆಗಸ್ಟಿನಲ್ಲಿ ತೋರಿಸಿಕೊಟ್ಟಂತೆ, ಹಿಗ್ಗಿದ ಕಾರ್ಖಾನೆಗೆ ಆ ಬೆಟ್ಟದ ಅದಿರು ಸಾಲುತ್ತಿದ್ದದ್ದು ನಾಲ್ಕು ವರ್ಷಕ್ಕಷ್ಟೇ. ಅದೇ ತಿಂಗಳು ಸಚಿವ ಜೈರಾಂ ರಮೇಶ್ ಅನುಮತಿ ನಿರಾಕರಿಸಿದರು. ಅಷ್ಟರಲ್ಲಿ ನಾರ್ವೆ ಸರಕಾರದ ಪಿಂಚಣಿ ನಿಧಿ 2007ರಲ್ಲಿಯೂ ಇಂಗ್ಲೆಂಡಿನ ಚರ್ಚು 2010ರಲ್ಲಿಯೂ ವೇದಾಂತದ ಷೇರುಗಳಿಂದ ಕೈ ತೊಳೆದುಕೊಂಡಿದ್ದವು. ಗಣಿ ನಿಗಮ ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

2013ರ ಎಪ್ರಿಲ್ 18ರ ತೀರ್ಪು ಬಂದದ್ದು ಆ ಮೊಕದ್ದಮೆಯಲ್ಲಿ. ಮೂವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಅದನ್ನು ಬರೆದವರು ಕೇರಳದವರೇ ಆದ ಕೆ.ಎಸ್. ರಾಧಾಕೃಷ್ಣನ್. ಗಣಿ ಬೇಕೆಂದಾಗಲಿ ಬೇಡವೆಂದಾಗಲಿ ತೀರ್ಪು ಹೇಳಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಗ್ರಾಮಸಭೆಗಳು ತಮ್ಮ ಹಕ್ಕುಗಳನ್ನು, ದೇವರ ಪೂಜೆಯ ಹಕ್ಕನ್ನೂ ಸೇರಿಸಿ, ಪರಿಶೀಲಿಸಿ ಮೂರು ತಿಂಗಳೊಳಗೆ ನಿರ್ಣಯ ತಿಳಿಸಲಿ. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯೊಬ್ಬರು ಕುಳಿತು ನೋಡಲಿ ಎಂದಿತು. ಕೇಳುವವರು ಬೆಟ್ಟ ಹತ್ತಿ ಹೋಗಬೇಕಾಗಿ ಬಂದದ್ದು ಹೀಗೆ.

ಎಲ್ಲ ಹಾಡಿಗಳನ್ನು ಕೇಳಬೇಕೆಂದು ಜನ ಹೇಳಿದರು. ಕೇಂದ್ರದ ಬುಡಕಟ್ಟು ವ್ಯವಹಾರ ಇಲಾಖೆಯೂ ಅದೇ ಪಟ್ಟು ಹಿಡಿಯಿತು. ರಾಜ್ಯ ಸರಕಾರ ಹನ್ನೆರಡನ್ನು ಮಾತ್ರ ಆರಿಸಿತು: ರಾಯಗಡದಲ್ಲಿ ಏಳು, ಕಾಳಹಂಡಿಯಲ್ಲಿ ಐದು. ಹಳ್ಳಿ ಕಡಮೆಯಾದಷ್ಟು ಒಪ್ಪಿಗೆ ಪಡೆಯುವುದು ಸುಲಭ ಎಂಬ ಲೆಕ್ಕ ಇದ್ದಿರಬಹುದೆಂದು ನನ್ನ ಅನುಮಾನ. ಜುಲೈ 18ರಂದು ಸೇರ್ಕಪಾಡಿಯಲ್ಲಿ ಮೊದಲ ಸಭೆ. ಮಳೆಗಾಲ, ಕೆಸರು ದಾರಿ, ಬಂದೂಕು ಹಿಡಿದ ಪೋಲೀಸರ ಪಹರೆ. ಕಾಯಿದೆಯಂತೆ ವಯಸ್ಕರಲ್ಲಿ ಅರ್ಧದಷ್ಟಾದರೂ ಸಭೆಗೆ ಬಂದಿರಬೇಕು, ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಜನ ಎದ್ದು ನಿಂತು ತಮ್ಮ ಭಾಷೆಯಲ್ಲಿ ಹೇಳಿದರು, ದುಭಾಷಿಗಳು ಒಡಿಯಾಕ್ಕೆ ತಿರುಗಿಸಿದರು, ನ್ಯಾಯಾಧೀಶರ ಎದುರಿನಲ್ಲಿ ಅದು ದಾಖಲಾಯಿತು.

ಸಭೆಗಳಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆ ದೇವರು ಎಲ್ಲಿದ್ದಾನೆ ಎಂಬುದು. ಹುಂಡಲ್‌ಜಾಲಿ ಎಂಬ ಶಿಖರದಲ್ಲಿ ನಿಯಮರಾಜನ ಪೂಜೆಯಾಗುವುದನ್ನು ಕೋರ್ಟು ತೀರ್ಪಿನಲ್ಲಿ ಹೆಸರಿಸಿತ್ತು. ಸರಕಾರದ ಕಡೆಯವರಿಗೆ ದೇವಸ್ಥಾನದ ಅಳತೆ ಬೇಕಿತ್ತು. ಗಡಿ ಗುರುತಿಸಿದರೆ ಅಷ್ಟನ್ನು ಬಿಟ್ಟುಕೊಟ್ಟು ಉಳಿದುದನ್ನು ಅಗೆಯಬಹುದಲ್ಲ. ಇಡೀ ಬೆಟ್ಟ ನಮ್ಮ ದೇವರು, ತುಂಡುತುಂಡಾಗಿ ಪಟ್ಟೆ ಕೊಡುವುದು ಬೇಡ ಎಂಬುದು ಹಳ್ಳಿಗಳ ಉತ್ತರ. ಭೂತಸ್ಥಾನ, ನಾಗಬನ, ಕಾವುಗಳನ್ನು ಇಟ್ಟುಕೊಂಡ ನಮ್ಮ ಊರಿನಲ್ಲಿಯೂ ಈ ಪ್ರಶ್ನೆಯನ್ನು ಸರ್ವೆಯವನು ಕೇಳಿದರೆ ನಾವೇನು ಹೇಳುತ್ತಿದ್ದೆವೋ!

ಹನ್ನೆರಡರಲ್ಲಿ ನನ್ನ ಮನಸ್ಸು ನಿಲ್ಲುವುದು ಕಾಳಹಂಡಿಯ ಇಜುರುಪಾದಲ್ಲಿ. ಅಲ್ಲಿದ್ದದ್ದು ಒಂದೇ ಕುಟುಂಬ, ಅದೂ ಕೊಂಧರದ್ದಲ್ಲ. ದನ ಕಾಯುವ ಗೌಡ ಜಾತಿಯದ್ದು. ಅಲ್ಲಿ ಗೌಡ ಎಂದರೆ ನಮ್ಮ ಊರಗೌಡನಲ್ಲ, ಗೊಲ್ಲ. ಒಂದು ಮನೆಯ ಗ್ರಾಮಸಭೆಗೆ ನ್ಯಾಯಾಧೀಶರೂ ಅಧಿಕಾರಿಗಳೂ ಪೋಲೀಸರೂ ಪತ್ರಕರ್ತರೂ ಬಂದು ಸೇರಿದರು. ಒಂದು ಮನೆಯವರನ್ನು ಹೆದರಿಸುವುದಾಗಲಿ ಒಲಿಸುವುದಾಗಲಿ ಏನು ಕಷ್ಟ? ಆ ಮನೆಯವರೂ ಗಣಿ ಬೇಡವೆಂದರು.

ಆಗಸ್ಟ್ 19ರಂದು ಜರಪಾದಲ್ಲಿ ಕೊನೆಯ ಸಭೆ ಮುಗಿದಾಗ ಹನ್ನೆರಡಕ್ಕೆ ಹನ್ನೆರಡು ಹಳ್ಳಿಗಳೂ ಅವಿರೋಧವಾಗಿ ಬೇಡವೆಂದಿದ್ದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಇಲಾಖೆ ಗಣಿಯ ಪ್ರಸ್ತಾವನೆಯನ್ನು ತಳ್ಳಿಹಾಕಿತು. ಗ್ರಾಮಸಭೆಗಳನ್ನು ಮತ್ತೊಮ್ಮೆ ನಡೆಸಬೇಕೆಂದು ಗಣಿ ನಿಗಮ ಕೇಳಿಕೊಂಡಾಗ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಿವಿಗೊಡಲಿಲ್ಲ.

ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವ ಮೊದಲು ಎಣ್ಮಕಜೆಯಲ್ಲಿ ಯಾರೂ ಇಂತಹ ಒಂದು ಸಭೆ ಕರೆಯಲಿಲ್ಲ. ಸಮಿತಿಗಳು ಬಂದವು, ಒಂದರ ಹಿಂದೆ ಒಂದು. ಎಲ್ಲವೂ ಮಕ್ಕಳು ಹಾಸಿಗೆ ಹಿಡಿದ ಮೇಲೆ.

ಲಾಂಜಿಗಢದ ಕಾರ್ಖಾನೆ ಮುಚ್ಚಲಿಲ್ಲ. ಬೇರೆ ಕಡೆಗಳಿಂದ ಅದಿರು ತರಿಸಿಕೊಂಡು ನಡೆಯಿತು. 2023ರಲ್ಲಿ ಅದೇ ಎರಡು ಜಿಲ್ಲೆಗಳ ಇನ್ನೊಂದು ಬೆಟ್ಟ, ಸಿಜಿಮಾಲಿ, ಅದೇ ಕಂಪೆನಿಯ ಪಾಲಿಗೆ ಬಂದು ಅಕ್ಟೋಬರಿನಲ್ಲಿ ಅಹವಾಲು ಸಭೆಗಳು ನಡೆದವು. ಆ ವರ್ಷದ ಕೊನೆಯಲ್ಲಿ ಗ್ರಾಮಸಭೆಗಳು ಒಪ್ಪಿಗೆ ಕೊಟ್ಟಿವೆಯೆಂದು ಕಾಗದ ಹುಟ್ಟಿತು. ಅಂತಹ ಸಭೆಯೇ ನಡೆದಿಲ್ಲ, ಅದರಲ್ಲಿರುವ ಸಹಿ ಮತ್ತು ಹೆಬ್ಬೆಟ್ಟು ನಮ್ಮವಲ್ಲ ಎಂದು ಆ ಊರುಗಳ ಜನ ತಕರಾರು ಎತ್ತಿದರು.