ಮಸ್ಕಿಯ ಬಂಡೆ, ಫೋನಿನ ಮೈಕು

ಒಬ್ಬರು ಹೇಳಬೇಕು, ಇನ್ನೊಬ್ಬರು ಬರೀಬೇಕು. ಈ ಕೆಲಸಕ್ಕೆ ನಮ್ಮ ಕಡೆ ಸಿಗುವ ಬಹಳ ಹಳೆಯ ಸಾಕ್ಷಿ ಮಸ್ಕಿಯ ಬಂಡೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನ ಅದು. ಅಲ್ಲಿಯವರೆಗೆ ಸಿಕ್ಕವುಗಳಲ್ಲಿ ‘ದೇವಾನಾಂಪ್ರಿಯ’ ಹೀಗೆ ಹೇಳುತ್ತಾನೆ ಎಂದಷ್ಟೇ ಇತ್ತು. ಇಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ಇಷ್ಟನ್ನು ಶಾಲೆಯಲ್ಲೇ ಓದಿದ್ದೇವೆ.

ನನಗೆ ಕುತೂಹಲ ಇರೋದು ಬರೆದವನ ಬಗ್ಗೆ. ಮಸ್ಕಿಯಲ್ಲಿ ಅವನ ಹೆಸರಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ಒಬ್ಬ ಸಿಗುತ್ತಾನೆ, ಚಪಡ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದ. ಅದು ಗಾಂಧಾರದ ಕಡೆಯ ಲಿಪಿ. ಬಹುಶಃ ಅವನೂ ಆ ಕಡೆಯವನೇ. ಮಾತು ಪಾಟಲಿಪುತ್ರದ ರಾಜನದು, ಭಾಷೆ ಪ್ರಾಕೃತ. ಆಗ ಇಲ್ಲಿ ಹೊಲ ಉಳುತ್ತಿದ್ದವರು ಏನು ಮಾತಾಡುತ್ತಿದ್ದರು? ಬಂಡೆಯಲ್ಲಿ ಅದಿಲ್ಲ.

ಈಗ ಲಿಪಿಕಾರ ಫೋನಿನೊಳಗೇ ಕೂತಿದ್ದಾನೆ. 2017ರಲ್ಲಿ ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿತು. ಒತ್ತಕ್ಷರ ಹುಡುಕುವ ತಾಪತ್ರಯ ಇಲ್ಲ. ಸಿಂಧನೂರಿನ ಭತ್ತದ ಸುದ್ದಿಯನ್ನು ಗದ್ದೆಯ ಬದುವಿನ ಮೇಲೆ ನಿಂತೇ ಹೇಳಿ ಕಳಿಸಬಹುದು. ಆದರೆ ಯಂತ್ರ ಕಲಿಯುವುದು ತಾನು ಕೇಳಿದ ದನಿಗಳಿಂದ. ಬರೀ ಪುಸ್ತಕದ ಕನ್ನಡ ಕೇಳಿದ್ದರೆ ಅದಕ್ಕೆ ‘ಹೊರಟಿದ್ದೇನೆ’ ಸಲೀಸು, ಲಿಂಗಸುಗೂರಿನ ಅಜ್ಜಿಯ ‘ಹೊಂಟೀನಿ’ ಕಷ್ಟ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆವಾರು ಜನರ ಮಾತು ಸಂಗ್ರಹಿಸುತ್ತಿದೆ. ಅದರಲ್ಲಿ ರಾಯಚೂರೂ ಇದೆ. ಅಂಥವರು ಮೈಕ್ ಹಿಡಿದು ನಿಮ್ಮೂರಿಗೆ ಬಂದರೆ ಪೇಪರ್ ಭಾಷೆ ಬಿಡ್ರಿ, ಮನ್ಯಾಗ ಹೆಂಗ ಮಾತಾಡ್ತೀರೋ ಹಂಗ ಮಾತಾಡ್ರಿ.