ನಡುರಾತ್ರಿಯ ಕರೆಗಳು: 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದ ಮಾತಿನ ರೇಡಿಯೊ

ಅಮೆರಿಕದ ಮಾತಿನ ರೇಡಿಯೊ ಕುರಿತ ಚರ್ಚೆ ಬಹುಮಟ್ಟಿಗೆ ಹಗಲಿನ ರಾಜಕೀಯ ಕಾರ್ಯಕ್ರಮಗಳ ಸುತ್ತಲೇ ನಡೆದಿದೆ. ವಿವಾದದ ವಿಷಯಗಳಲ್ಲಿ ಭಿನ್ನ ಅಭಿಪ್ರಾಯಗಳಿಗೂ ಎಡೆ ಕೊಡಬೇಕೆಂಬ ನಿಯಮ 1987ರಲ್ಲಿ ರದ್ದಾಯಿತು. ಮರುವರ್ಷ ಸಂಪ್ರದಾಯವಾದಿ ನಿರೂಪಕ ರಷ್ ಲಿಂಬಾ ದೇಶವ್ಯಾಪಿ ಪ್ರಸಾರಕ್ಕೆ ಬಂದರು. ಚರ್ಚೆ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭವಾಗುತ್ತದೆ. ನಡುರಾತ್ರಿಯ ರೇಡಿಯೊಗೆ ಅದರಲ್ಲಿ ಸಿಗುವ ಜಾಗ ಕಡಿಮೆ. ಆದರೆ 2001ರ ಸೆಪ್ಟೆಂಬರ್ 11ರ ನಂತರ ಒಂದು ಸಮಾಜ ತನ್ನ ದಿಗಿಲನ್ನು ಹೇಗೆ ಮಾತಾಗಿಸಿತು ಎಂದು ತಿಳಿಯಲು ಆ ಹೊತ್ತಿನ ಪ್ರಸಾರಗಳೇ ಮುಖ್ಯ ಆಕರ ಎಂಬುದು ಈ ಲೇಖನದ ನಿಲುವು.

ಮೊದಲು ಭೌತಿಕ ಸಂಗತಿ. ವಿಶ್ವ ವ್ಯಾಪಾರ ಕೇಂದ್ರದ ಉತ್ತರ ಗೋಪುರ ಕುಸಿದಾಗ ಅದರ ನೆತ್ತಿಯ ಮೇಲಿದ್ದ ಆಂಟೆನಾಗಳೂ ಹೋದವು. ನ್ಯೂಯಾರ್ಕಿನ ಹಲವು ಟಿವಿ ಕೇಂದ್ರಗಳು ಆಂಟೆನಾದ ಮೂಲಕ ಮನೆಗಳನ್ನು ಮುಟ್ಟುವುದು ನಿಂತಿತು. ಸಾರ್ವಜನಿಕ ರೇಡಿಯೊ ಕೇಂದ್ರವಾದ ಡಬ್ಲ್ಯೂಎನ್‌ವೈಸಿಯ ಎಫ್‌ಎಂ ಪ್ರಸಾರ ಕಡಿದರೂ ಅದರ ಎಎಂ ಪ್ರಸಾರ ಉಳಿಯಿತು. ಇನ್ನು ರಾತ್ರಿ ಎಎಂ ತರಂಗಗಳಿಗೆ ಬರುವ ಬಲವೇ ಬೇರೆ. ಹಗಲಿನಲ್ಲಿ ಅವುಗಳನ್ನು ಹೀರಿಕೊಳ್ಳುವ ಅಯಾನುಗೋಳದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕ್ಷೀಣಿಸುತ್ತದೆ. ಆಗ ಮೇಲಿನ ಪದರಕ್ಕೆ ತಾಗಿ ಮರಳುವ ದನಿ ನೂರಾರು ಮೈಲಿ ದಾಟುತ್ತದೆ. 50,000 ವ್ಯಾಟ್‌ನ ಒಂದು ಕೇಂದ್ರವನ್ನು ಹಲವು ರಾಜ್ಯಗಳ ಲಾರಿ ಚಾಲಕರು, ಕಾವಲುಗಾರರು, ರಾತ್ರಿಪಾಳಿಯ ದಾದಿಯರು ಒಟ್ಟಿಗೆ ಕೇಳಬಲ್ಲರು. ಆ ವಾರ ನಾಗರಿಕ ವಿಮಾನಗಳ ಹಾರಾಟ ನಿಂತಿದ್ದರಿಂದ ಬಾಡಿಗೆ ಕಾರು ಹಿಡಿದು ದೇಶದ ಉದ್ದಗಲ ದಾಟಿ ಮನೆ ಸೇರಲು ಹೊರಟವರೂ ರಸ್ತೆಯ ಮೇಲಿದ್ದರು.

ಈ ಕೇಳುಗರಲ್ಲಿ ಬಹುಮಂದಿಗೆ ಪರಿಚಿತವಾದ ದನಿ ಆರ್ಟ್ ಬೆಲ್ ಅವರದು. ನೆವಾಡಾ ಮರುಭೂಮಿಯ ಪಾರಂಪ್ ಎಂಬ ಊರಿನ ತಮ್ಮ ಮನೆಯಿಂದಲೇ ಅವರು ‘ಕೋಸ್ಟ್ ಟು ಕೋಸ್ಟ್ ಎಎಂ’ ಎಂಬ ನಡುರಾತ್ರಿಯ ಕಾರ್ಯಕ್ರಮ ನಡೆಸುತ್ತಿದ್ದರು. ಸೆಪ್ಟೆಂಬರ್ 11ರ ರಾತ್ರಿಯೂ ಪ್ರಸಾರಕ್ಕೆ ಬಂದರು. ರಾಕಿ ಪರ್ವತದ ಪೂರ್ವದವರಿಗೆ ಒಂದು ಫೋನ್ ಸಂಖ್ಯೆ, ಪಶ್ಚಿಮದವರಿಗೆ ಇನ್ನೊಂದು, ಮೊದಲ ಸಲ ಕರೆ ಮಾಡುವವರಿಗೆ ಮಗದೊಂದು. ಬೆಲ್ ಅವರ ಪದ್ಧತಿಯಲ್ಲಿ ಗಮನಿಸಬೇಕಾದದ್ದೆಂದರೆ, ಕರೆ ಮಾಡಿದವರನ್ನು ಮೊದಲೇ ವಿಚಾರಿಸಿ ಸೋಸುವ ಸಹಾಯಕರು ನಡುವೆ ಇರುತ್ತಿರಲಿಲ್ಲ. ಫೋನ್ ಎತ್ತಿದರೆ ನೇರ ಪ್ರಸಾರ.

ಸಮಾಜವಿಜ್ಞಾನಿಗಳಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರ ತಮ್ಮ ಪ್ರಬಂಧದಲ್ಲಿ ಪ್ರಸಾರದ ವ್ಯಕ್ತಿಯೊಡನೆ ಕೇಳುಗ ಬೆಳೆಸಿಕೊಳ್ಳುವ ಏಕಮುಖ ಆಪ್ತತೆಯನ್ನು ವಿವರಿಸಿದರು. ‘ಲೋನ್ಸಮ್ ಗ್ಯಾಲ್’ ಎಂಬ ರೇಡಿಯೊ ಕಾರ್ಯಕ್ರಮ ಅವರ ಉದಾಹರಣೆಗಳಲ್ಲೊಂದು. ನಡುರಾತ್ರಿಯ ಕರೆಯಲ್ಲಿ ಆ ಆಪ್ತತೆ ಏಕಮುಖವಾಗಿ ಉಳಿಯುವುದಿಲ್ಲ. ಒಬ್ಬನಿಗೆ ಉತ್ತರ ಸಿಕ್ಕರೆ, ಕರೆ ಮಾಡದೆ ಕುಳಿತವರಿಗೂ ತಮ್ಮ ಪರವಾಗಿ ಯಾರೋ ಮಾತಾಡಿದರೆನಿಸುತ್ತದೆ. ರಾಷ್ಟ್ರೀಯ ಶೋಕದ ದಿನಗಳಲ್ಲಿ ನಮ್ಮ ಆಕಾಶವಾಣಿ ವಾದ್ಯಸಂಗೀತಕ್ಕೆ ಮೊರೆಹೋದದ್ದನ್ನು ಕಂಡವರಿಗೆ ಈ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಅಲ್ಲಿ ಪ್ರಭುತ್ವ ದುಃಖಕ್ಕೊಂದು ಶ್ರುತಿ ಗೊತ್ತುಮಾಡಿತು. ನಡುರಾತ್ರಿಯ ಕರೆಗಳಲ್ಲಿ ದುಃಖಿಸುವವರು ತಮಗೆ ತೋಚಿದ್ದನ್ನು ಆಡಿದರು.

ಈ ಮುಕ್ತತೆಯನ್ನು ನಾನು ಮೆಚ್ಚುತ್ತೇನೆ, ಅದರ ಅಪಾಯವನ್ನು ಮರೆಯಲಾರೆ. ಆ ದಿನಗಳಲ್ಲಿ ನಾಸ್ಟ್ರಡಾಮಸ್ ದಾಳಿಯನ್ನು ಮುಂಚೆಯೇ ನುಡಿದಿದ್ದನೆಂಬ ಪದ್ಯ ದೇಶವಿಡೀ ಹರಿದಾಡಿತು. ಅದರ ಕೆಲವು ಸಾಲುಗಳನ್ನು ಕೆನಡಾದ ವಿದ್ಯಾರ್ಥಿಯೊಬ್ಬ, ಇಂಥ ಭವಿಷ್ಯವಾಣಿ ಹೊಸೆಯುವುದು ಎಷ್ಟು ಸುಲಭವೆಂದು ತೋರಿಸಲು 1990ರ ದಶಕದಲ್ಲೇ ಬರೆದಿದ್ದ. ದಿಗಿಲುಬಿದ್ದವರಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ಯಾರಿಗೋ ಮೊದಲೇ ಗೊತ್ತಿತ್ತು ಎಂದುಕೊಂಡರೆ ಘಟನೆಗೊಂದು ಕ್ರಮವಾದರೂ ಸಿಗುತ್ತದೆ. ಪೇಟ ಕಟ್ಟಿದವರೆಲ್ಲ ದಾಳಿಕೋರರ ಕಡೆಯವರೆಂಬ ಇನ್ನೊಂದು ಬಗೆಯ ವಿವರಣೆ ಪ್ರಾಣವನ್ನೇ ತೆಗೆಯಿತು: ಸೆಪ್ಟೆಂಬರ್ 15ರಂದು ಅರಿಜೋನಾದ ಮೆಸಾದಲ್ಲಿ ಪೇಟ ಧರಿಸಿದ್ದ ಸಿಖ್ ವ್ಯಾಪಾರಿಯೊಬ್ಬರನ್ನು ಅವರದೇ ಪೆಟ್ರೋಲ್ ಬಂಕಿನ ಮುಂದೆ ಗುಂಡಿಕ್ಕಿ ಕೊಲ್ಲಲಾಯಿತು. ಇದಕ್ಕೆ ರೇಡಿಯೊವನ್ನು ಹೊಣೆ ಮಾಡಲು ಆಧಾರವಿಲ್ಲ. ಆದರೆ ಸೋಸದ ಮಾತು ಯಾವ ಗಾಳಿಯಲ್ಲಿ ಹರಿಯುತ್ತಿತ್ತೆಂಬುದನ್ನು ಅಧ್ಯಯನಕಾರರು ಬದಿಗಿಡುವಂತಿಲ್ಲ.

ಹಾಡುಗಳ ಪಾಡು ಬೇರೆ. ಸಾವಿರಕ್ಕೂ ಹೆಚ್ಚು ರೇಡಿಯೊ ಕೇಂದ್ರಗಳಿದ್ದ ಕ್ಲಿಯರ್ ಚಾನೆಲ್ ಕಂಪನಿಯಲ್ಲಿ ದಾಳಿಯ ಕೆಲವೇ ದಿನಗಳಲ್ಲಿ ಒಂದು ಪಟ್ಟಿ ಓಡಾಡಿತು. ಸದ್ಯ ಹಾಕದಿದ್ದರೆ ಒಳಿತೆನ್ನಿಸಿದ 150ಕ್ಕೂ ಹೆಚ್ಚು ಹಾಡುಗಳು ಅದರಲ್ಲಿದ್ದವು. ಜಾನ್ ಲೆನನ್‌ರ ‘ಇಮ್ಯಾಜಿನ್’ ಕೂಡ ಇತ್ತು. ಇದು ನಿಷೇಧವಲ್ಲ, ತೀರ್ಮಾನ ಆಯಾ ಕೇಂದ್ರದವರದು ಎಂದಿತು ಕಂಪನಿ. ಬೆಲ್ ಅವರ ಕಾರ್ಯಕ್ರಮವನ್ನು ದೇಶಕ್ಕೆ ಹಂಚುತ್ತಿದ್ದ ಪ್ರೀಮಿಯರ್ ಸಂಸ್ಥೆಯೂ ಇದೇ ಕಂಪನಿಯದು. ಶಾಂತಿಯ ಹಾಡೊಂದರ ಬಗ್ಗೆ ಅಷ್ಟು ಹಿಂಜರಿದ ಒಡೆತನದ ಅಡಿಯಲ್ಲೇ, ಯಾರ ಫೋನನ್ನೂ ಸೋಸದ ಕಾರ್ಯಕ್ರಮ ರಾತ್ರಿಯಿಡೀ ನಡೆಯುತ್ತಿತ್ತು.