ಅಂತರ್ಜಾಲ ಮಾರಾಟಕ್ಕಾಗಿ ಸಾಮಾಜಿಕ ಪುಟಗುರುತು ಸೇವೆಗಳ ಬಳಕೆ: ಆರಂಭಿಸುವವರಿಗೆ ಮಾಹಿತಿ

ತಮ್ಮ ಉತ್ಪನ್ನಗಳನ್ನು ಅಂತರ್ಜಾಲದ ಮೂಲಕ ಮಾರಾಟ ಮಾಡಲು ಇಚ್ಛಿಸುವ ಕುಶಲಕರ್ಮಿಗಳು, ಸ್ವಸಹಾಯ ಸಂಘಗಳು ಹಾಗೂ ಸಣ್ಣ ಉದ್ದಿಮೆದಾರರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸಾಮಾಜಿಕ ಪುಟಗುರುತು, ಅಂದರೆ ಸೋಷಿಯಲ್ ಬುಕ್‌ಮಾರ್ಕಿಂಗ್ ಸೇವೆಗಳಲ್ಲಿ ಖಾತೆ ತೆರೆಯಲು ಸರ್ಕಾರದ ಅನುಮತಿಯಾಗಲಿ ಪ್ರಮಾಣಪತ್ರವಾಗಲಿ ಬೇಕಾಗಿರುವುದಿಲ್ಲ. ಇಲ್ಲಿ ವಿವರಿಸಿರುವ ಕೆಲಸವನ್ನು ಉದ್ದಿಮೆದಾರರು ಮಧ್ಯವರ್ತಿಗಳ ನೆರವಿಲ್ಲದೆ ಸ್ವತಃ ಮಾಡಿಕೊಳ್ಳಬಹುದಾಗಿದೆ.

ಸಾಮಾಜಿಕ ಪುಟಗುರುತು ಎಂದರೇನು?

ಓದುತ್ತಿರುವ ಪುಸ್ತಕದ ನಡುವೆ ಕಾಗದದ ಚೂರನ್ನು ಇಟ್ಟು ಮುಚ್ಚುವ ರೂಢಿ ಎಲ್ಲರಿಗೂ ತಿಳಿದದ್ದೇ. ಬ್ರೌಸರ್‌ನಲ್ಲಿ ಒಂದು ಜಾಲಪುಟದ ವಿಳಾಸವನ್ನು ಮತ್ತೆ ನೋಡುವ ಸಲುವಾಗಿ ಉಳಿಸಿಕೊಳ್ಳುವುದಕ್ಕೂ ಅದೇ ಹೆಸರು ಬಂದಿದೆ. ಹೀಗೆ ಉಳಿಸಿದ ವಿಳಾಸವನ್ನು ಸ್ವಂತ ಗಣಕಯಂತ್ರದಲ್ಲಿ ಮಾತ್ರ ಇಟ್ಟುಕೊಳ್ಳದೆ, ಇತರರೂ ನೋಡಬಹುದಾದ ತಾಣವೊಂದರಲ್ಲಿ ತಮ್ಮದೇ ಆಯ್ಕೆಯ ಗುರುತುಪದಗಳೊಂದಿಗೆ ಇಡುವ ಪದ್ಧತಿಯನ್ನು ಸಾಮಾಜಿಕ ಪುಟಗುರುತು ಎನ್ನಲಾಗುತ್ತದೆ. ಗುರುತುಪದಗಳಿಗೆ ಟ್ಯಾಗ್ ಎಂಬ ಹೆಸರು ಬಳಕೆಯಲ್ಲಿದೆ. ಗ್ರಂಥಾಲಯದ ವರ್ಗೀಕರಣದಲ್ಲಿ ಪದಗಳನ್ನು ಪರಿಣತರು ನಿಗದಿಪಡಿಸುತ್ತಾರೆ. ಇಲ್ಲಿ ಪುಟವನ್ನು ಉಳಿಸಿದವರೇ ತಮಗೆ ತೋಚಿದ ಪದಗಳನ್ನು ಕೊಡುತ್ತಾರೆ.

2003ರಲ್ಲಿ ಜೋಶುವಾ ಶಾಕ್ಟರ್ ಅವರು ಆರಂಭಿಸಿದ ಡೆಲಿಷಸ್ ತಾಣದಿಂದ ಈ ಪದ್ಧತಿ ಪ್ರಚಾರಕ್ಕೆ ಬಂದಿತು. ಒಂದೇ ಪುಟವನ್ನು ಹಲವರು ಉಳಿಸಿದಾಗ ಅದು ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತಿತ್ತು. ಮಾರಾಟಗಾರರ ಆಸಕ್ತಿಗೆ ಇದೇ ಕಾರಣವಾಯಿತು. ಆದರೆ ಒಂದು ಅಂಶವನ್ನು ಆರಂಭದಲ್ಲಿಯೇ ಮನಗಾಣುವುದು ಅವಶ್ಯಕ. ಪುಟಕ್ಕೆ ಬೆಲೆ ಬರುವುದು ಇತರರು ಅದನ್ನು ಉಳಿಸಿಕೊಂಡಾಗ. ಮಾರಾಟಗಾರರು ತಮ್ಮ ಪುಟವನ್ನು ತಾವೇ ನೂರು ಕಡೆ ಉಳಿಸಿದರೂ ಗಿರಾಕಿಗಳ ಸಂಖ್ಯೆ ಒಂದರಷ್ಟೂ ಹೆಚ್ಚುವುದಿಲ್ಲ.

ಪ್ರಸ್ತುತ ಬಳಕೆಯಲ್ಲಿರುವ ಸೇವೆಗಳು

ಹಳೆಯ ಕೈಪಿಡಿಗಳಲ್ಲಿ ಹೆಸರಿಸಲಾದ ತಾಣಗಳ ಪೈಕಿ ಹಲವು ಈಗ ಇಲ್ಲ. ಡೆಲಿಷಸ್ ತಾಣವು 2005ರಲ್ಲಿ ಯಾಹೂ ಸಂಸ್ಥೆಗೆ, ಅನಂತರ ಬೇರೆ ಬೇರೆ ಒಡೆತನಗಳಿಗೆ ಸೇರಿ, 2017ರಲ್ಲಿ ಪಿನ್‌ಬೋರ್ಡ್ ಸೇವೆಯ ಕೈಗೆ ಬಂದು ಹೊಸ ಪುಟಗುರುತುಗಳ ಸೇರ್ಪಡೆಯನ್ನು ನಿಲ್ಲಿಸಿತು. ಸ್ಟಂಬಲ್‌ಅಪಾನ್ 2018ರಲ್ಲಿ, ಗೂಗಲ್ ಬುಕ್‌ಮಾರ್ಕ್ಸ್ 2021ರಲ್ಲಿ, ಪಾಕೆಟ್ ಸೇವೆ 2025ರ ಜುಲೈ ತಿಂಗಳಿನಲ್ಲಿ ಮುಚ್ಚಲ್ಪಟ್ಟವು. ಈ ಹೆಸರುಗಳಿರುವ ಪಟ್ಟಿಯನ್ನು ತೋರಿಸಿ ಯಾರಾದರೂ ಹಣ ಕೇಳಿದಲ್ಲಿ, ಆ ಪಟ್ಟಿ ಎಷ್ಟು ಹಳೆಯದೆಂಬುದನ್ನು ಅರ್ಜಿದಾರರೇ ನಿರ್ಧರಿಸಬಹುದು.

ಕರಕುಶಲ ವಸ್ತು, ಸೀರೆ, ಆಟಿಕೆ, ಅಡುಗೆ ಪದಾರ್ಥ ಮುಂತಾದ ಕಣ್ಣಿಗೆ ಕಾಣುವ ಸರಕುಗಳಿಗೆ ಇಂದು ಹೆಚ್ಚು ಹೊಂದುವುದು 2010ರಲ್ಲಿ ಆರಂಭವಾದ ಪಿಂಟರೆಸ್ಟ್. ಇಲ್ಲಿ ಪುಟಗುರುತು ಚಿತ್ರದ ರೂಪದಲ್ಲಿರುತ್ತದೆ. ಚಿತ್ರವನ್ನು ಒತ್ತಿದಾಗ ಮಾರಾಟಗಾರರ ಜಾಲಪುಟ ತೆರೆಯುತ್ತದೆ. 2005ರಲ್ಲಿ ಆರಂಭವಾದ ರೆಡಿಟ್ ಚರ್ಚೆಯ ತಾಣವಾಗಿದ್ದು, ಅಲ್ಲಿನ ಪ್ರತಿ ಸಮುದಾಯಕ್ಕೂ ಪ್ರತ್ಯೇಕ ನಿಯಮಗಳಿರುತ್ತವೆ. ಹಲವು ಸಮುದಾಯಗಳಲ್ಲಿ ಸ್ವಂತ ಸರಕಿನ ಪ್ರಚಾರಕ್ಕೆ ನಿರ್ಬಂಧವಿದ್ದು, ನಿಯಮ ಓದದೆ ಕೊಂಡಿ ಹಾಕಿದವರ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮೊದಲ ಬಾರಿಗೆ ಆರಂಭಿಸುವವರು ಒಂದೇ ತಾಣವನ್ನು ಆಯ್ದುಕೊಂಡು ಅದನ್ನು ಚೆನ್ನಾಗಿ ನಿರ್ವಹಿಸುವುದು ಸೂಕ್ತ.

ಪೂರ್ವಸಿದ್ಧತೆ

ಪುಟಗುರುತು ದಾರಿಯನ್ನಷ್ಟೇ ತೋರಿಸುತ್ತದೆ. ವ್ಯಾಪಾರ ನಡೆಯುವುದು ಸ್ವಂತ ಪುಟದಲ್ಲಿ. ಆದ್ದರಿಂದ ಪ್ರತಿಯೊಂದು ವಸ್ತುವಿಗೂ ಪ್ರತ್ಯೇಕ ವಿಳಾಸವಿರುವ ಪುಟವನ್ನು ಮೊದಲು ಸಿದ್ಧಪಡಿಸಿಕೊಳ್ಳತಕ್ಕದ್ದು. ಸದರಿ ಪುಟದಲ್ಲಿ ವಸ್ತುವಿನ ಸ್ಪಷ್ಟ ಛಾಯಾಚಿತ್ರ, ಅಳತೆ, ಬಳಸಿದ ಸಾಮಗ್ರಿ, ಬೆಲೆ, ಅಂಚೆ ಅಥವಾ ಕೊರಿಯರ್ ವೆಚ್ಚ ಹಾಗೂ ಸಂಪರ್ಕ ವಿವರ ಇರಬೇಕು. ಬೆಲೆಯನ್ನು ಮರೆಮಾಚಿ ಫೋನ್ ಮಾಡಿ ವಿಚಾರಿಸಿ ಎಂದಷ್ಟೇ ಬರೆಯುವ ಅಭ್ಯಾಸ ಸಾಮಾನ್ಯವಾಗಿದೆ. ದೂರದ ಗಿರಾಕಿಯ ದೃಷ್ಟಿಯಿಂದ ಇದು ಒಳ್ಳೆಯ ಅಭ್ಯಾಸವಲ್ಲ.

ಖಾತೆಯನ್ನು ಉದ್ದಿಮೆದಾರರ ಸ್ವಂತ ಇ-ಮೇಲ್ ವಿಳಾಸ ಮತ್ತು ಸ್ವಂತ ದೂರವಾಣಿ ಸಂಖ್ಯೆಯಿಂದಲೇ ತೆರೆಯತಕ್ಕದ್ದು. ಪರಿಚಯದವರೋ ಏಜೆಂಟರೋ ತಮ್ಮ ಇ-ಮೇಲ್‌ನಿಂದ ತೆರೆದುಕೊಟ್ಟ ಖಾತೆಯು, ಅವರೊಂದಿಗೆ ವ್ಯವಹಾರ ಮುಗಿದ ದಿನ ಕೈತಪ್ಪುವ ಸಂಭವವಿದೆ. ಆಗ ವರ್ಷಗಟ್ಟಲೆ ಸೇರಿಸಿದ ಚಿತ್ರಗಳೂ ಅವುಗಳ ಮೂಲಕ ಬರುತ್ತಿದ್ದ ಗಿರಾಕಿಗಳೂ ಅವರ ಪಾಲಾಗುತ್ತಾರೆ. ಸ್ವಸಹಾಯ ಸಂಘಗಳು ಸಂಘದ ಹೆಸರಿನ ಇ-ಮೇಲ್ ಬಳಸಿ, ಗುಪ್ತಪದವು ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರುವಂತೆ ನೋಡಿಕೊಳ್ಳುವುದು ಉತ್ತಮ.

ಆರಂಭಿಸುವ ವಿಧಾನ

ಚನ್ನಪಟ್ಟಣದ ಮರದ ಗೊಂಬೆಗಳನ್ನು ಮಾರುವವರೊಬ್ಬರ ಉದಾಹರಣೆಯೊಂದಿಗೆ ಇದನ್ನು ವಿವರಿಸಬಹುದು. ಪಿಂಟರೆಸ್ಟ್‌ನಲ್ಲಿ ವ್ಯವಹಾರ ಖಾತೆ ಉಚಿತ. ಖಾತೆ ತೆರೆದ ಬಳಿಕ ಸ್ವಂತ ಜಾಲತಾಣವನ್ನು ಅದಕ್ಕೆ ಜೋಡಿಸಬೇಕು. ತಾಣವು ತಮ್ಮದೇ ಎಂದು ದೃಢೀಕರಿಸಲು ಪಿಂಟರೆಸ್ಟ್ ನೀಡುವ ಸಣ್ಣ ಸಂಕೇತವನ್ನು ಜಾಲತಾಣದಲ್ಲಿ ಸೇರಿಸಬೇಕಾಗುತ್ತದೆ; ತಾಣವನ್ನು ರಚಿಸಿಕೊಟ್ಟವರಿಗೆ ಇದು ಕೆಲವೇ ನಿಮಿಷಗಳ ಕೆಲಸ.

ತರುವಾಯ ಬೋರ್ಡ್‌ಗಳನ್ನು, ಅಂದರೆ ವಿಷಯವಾರು ಹಲಗೆಗಳನ್ನು ರಚಿಸಬೇಕು. ನಮ್ಮ ಉತ್ಪನ್ನಗಳು ಎಂಬ ಒಂದೇ ಹಲಗೆಯಲ್ಲಿ ಎಲ್ಲವನ್ನೂ ತುಂಬುವುದಕ್ಕಿಂತ, ಅಂಬೆಗಾಲಿಡುವ ಮಕ್ಕಳ ಆಟಿಕೆ, ಅಡುಗೆಮನೆಯ ಆಟದ ಸಾಮಾನು, ದಸರಾ ಗೊಂಬೆ, ಮನೆಯ ಅಲಂಕಾರ ಎಂದು ಕೊಳ್ಳುವವರ ಅಗತ್ಯದಂತೆ ವಿಂಗಡಿಸಿದಲ್ಲಿ ಜನರು ತಮಗೆ ಬೇಕಾದ ಹಲಗೆಯನ್ನಷ್ಟೇ ಅನುಸರಿಸಲು ಸಾಧ್ಯವಾಗುತ್ತದೆ. ಚಿತ್ರವು ಅಗಲಕ್ಕಿಂತ ಎತ್ತರ ಹೆಚ್ಚಿರುವಂತೆ, 2:3 ಪ್ರಮಾಣದಲ್ಲಿರುವುದು ಸೂಕ್ತ. 1000 ಪಿಕ್ಸೆಲ್ ಅಗಲ, 1500 ಪಿಕ್ಸೆಲ್ ಎತ್ತರ ಸಾಕು. ಹಗಲಿನ ಬೆಳಕಿನಲ್ಲಿ ಮೊಬೈಲ್‌ನಿಂದ ತೆಗೆದ ಚಿತ್ರವೇ ಸಾಕಾಗುತ್ತದೆ. ಗೊಂಬೆಯ ಪಕ್ಕದಲ್ಲಿ ಮಗುವಿನ ಕೈ ಇದ್ದರೆ ಅದರ ಗಾತ್ರ ಹೇಳದೆಯೇ ತಿಳಿಯುತ್ತದೆ.

ಗುರುತುಪದ ಮತ್ತು ವಿವರಣೆಯ ವಿಷಯದಲ್ಲಿ ಹೆಚ್ಚಿನ ಗಮನ ಅಗತ್ಯ. ತಯಾರಕರು ತಮ್ಮ ಕಸುಬಿನ ಮಾತಿನಲ್ಲಿ ಬರೆಯುತ್ತಾರೆ, ಕೊಳ್ಳುವವರು ತಮ್ಮ ಮನೆಮಾತಿನಲ್ಲಿ ಹುಡುಕುತ್ತಾರೆ. ಆಲೆ ಮರ, ಅರಗಿನ ಬಣ್ಣ ಎಂಬ ಪದಗಳು ಚನ್ನಪಟ್ಟಣದ ಕುಶಲಕರ್ಮಿಗೆ ಸಹಜ. ಆದರೆ ಒಂದು ವರ್ಷದ ಮಗುವಿಗೆ ಉಡುಗೊರೆ ಹುಡುಕುವ ತಾಯಿ ಈ ಪದಗಳನ್ನು ಟೈಪಿಸುವುದಿಲ್ಲ. ಮಗುವಿನ ವಯಸ್ಸು, ಮರದ ಆಟಿಕೆ, ಗಿಲಕಿ, ಹುಟ್ಟುಹಬ್ಬ ಎಂದು ಹುಡುಕುತ್ತಾಳೆ. ಹಬ್ಬದ ಗೊಂಬೆಗಳದ್ದೂ ಇದೇ ಕಥೆ. ಕನ್ನಡಿಗರು ದಸರಾ ಗೊಂಬೆ ಎನ್ನುವುದನ್ನು ತಮಿಳರು ಕೊಲು ಎಂದೂ ತೆಲುಗರು ಬೊಮ್ಮಲ ಕೊಲುವು ಎಂದೂ ಕರೆಯುತ್ತಾರೆ. ಈ ಮೂರೂ ಪದಗಳು, ಕನ್ನಡದಲ್ಲಿಯೂ ಇಂಗ್ಲಿಷ್ ಅಕ್ಷರಗಳಲ್ಲಿಯೂ, ವಿವರಣೆಯಲ್ಲಿ ಬಂದಲ್ಲಿ ಬೆಂಗಳೂರಿನವರಿಗೂ ಚೆನ್ನೈ, ಹೈದರಾಬಾದ್ ಅಥವಾ ವಿದೇಶದಲ್ಲಿ ನೆಲೆಸಿರುವವರಿಗೂ ಗೊಂಬೆ ಸಿಗುತ್ತದೆ. ಕಸುಬಿನ ಪದಗಳನ್ನು ಕೈಬಿಡಬೇಕಿಲ್ಲ. ಅವು ಸರಕಿನ ಪರಿಚಯ ಹೇಳುತ್ತವೆ. ಎರಡನೆಯ ವಾಕ್ಯದಲ್ಲಿ ಬರಲಿ.

ಹಬ್ಬದ ವಸ್ತುಗಳನ್ನು ಹಬ್ಬಕ್ಕೆ ಕೆಲವು ವಾರಗಳ ಮೊದಲೇ ಸೇರಿಸುವುದು ಸೂಕ್ತ. ಜನರು ಈ ತಾಣವನ್ನು ಮುಂದೆ ಕೊಳ್ಳಬೇಕಾದ ವಸ್ತುಗಳನ್ನು ಆಯ್ದಿಡಲು ಬಳಸುತ್ತಾರೆ. ಒಂದೇ ದಿನ ಐವತ್ತು ಚಿತ್ರ ಸೇರಿಸಿ ತಿಂಗಳುಗಟ್ಟಲೆ ಸುಮ್ಮನಿರುವುದಕ್ಕಿಂತ, ವಾರಕ್ಕೆ ಮೂರು ನಾಲ್ಕರಂತೆ ಸೇರಿಸುತ್ತಾ ಹೋಗುವುದು ಮೇಲು. ಇತರರ ಉಪಯುಕ್ತ ಪುಟಗಳನ್ನೂ ಹಲಗೆಗಳಲ್ಲಿ ಉಳಿಸುತ್ತಿದ್ದಲ್ಲಿ ಖಾತೆಯು ಬರಿಯ ಜಾಹೀರಾತಿನ ಗೋಡೆಯಂತೆ ಕಾಣುವುದಿಲ್ಲ.

ಫಲಿತಾಂಶವನ್ನು ಅಳೆಯುವಾಗ ಚಿತ್ರ ಎಷ್ಟು ಬಾರಿ ಕಾಣಿಸಿಕೊಂಡಿತು ಎಂಬ ಸಂಖ್ಯೆಗೆ ಮಾರುಹೋಗಬಾರದು. ಎಷ್ಟು ಮಂದಿ ಉಳಿಸಿದರು, ಎಷ್ಟು ಮಂದಿ ಕೊಂಡಿಯನ್ನು ಒತ್ತಿ ತಾಣಕ್ಕೆ ಬಂದರು ಎಂಬ ಎರಡು ಸಂಖ್ಯೆಗಳನ್ನು ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳುವುದು. ಗಿರಾಕಿಯನ್ನು ಎಲ್ಲಿ ನೋಡಿದಿರಿ ಎಂದು ನೇರವಾಗಿ ಕೇಳುವುದಂತೂ ಯಾವ ಲೆಕ್ಕಕ್ಕೂ ಕಡಿಮೆಯದಲ್ಲ. ಚಿತ್ರಗಳು ಮತ್ತು ವಿವರಣೆಗಳ ಒಂದು ಪ್ರತಿಯನ್ನು ಸ್ವಂತ ಗಣಕಯಂತ್ರದಲ್ಲಿ ಇಟ್ಟುಕೊಳ್ಳತಕ್ಕದ್ದು. ಮೇಲೆ ಹೆಸರಿಸಿದ ತಾಣಗಳಂತೆ ಇಂದಿನ ತಾಣವೂ ಒಂದು ದಿನ ಮುಚ್ಚಬಹುದು.

ಸಾವಿರಾರು ಪುಟಗುರುತುಗಳ ಆಮಿಷ

ಇಷ್ಟು ಸಾವಿರ ರೂಪಾಯಿ ಕೊಟ್ಟರೆ ಐನೂರು ತಾಣಗಳಲ್ಲಿ ಪುಟಗುರುತು ಹಾಕಿ ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ ಎಂಬ ಕರೆಗಳು ಸಣ್ಣ ಉದ್ದಿಮೆದಾರರಿಗೆ ಬರುವುದುಂಟು. ಈ ಭರವಸೆ ಏಕೆ ನಿಲ್ಲುವುದಿಲ್ಲ ಎಂಬುದನ್ನು ತಿಳಿಯುವುದು ಅಗತ್ಯ. ಒಂದು ಪುಟಕ್ಕೆ ಬೇರೆ ತಾಣಗಳಿಂದ ಬರುವ ಕೊಂಡಿಗಳನ್ನು ಗೂಗಲ್ ಶಿಫಾರಸಿನಂತೆ ಪರಿಗಣಿಸುತ್ತದೆ. ಇದರ ದುರುಪಯೋಗ ಹೆಚ್ಚಿದಾಗ, 2005ರ ಜನವರಿಯಲ್ಲಿ ನೋ-ಫಾಲೋ ಎಂಬ ಸೂಚನೆಯನ್ನು ಜಾರಿಗೆ ತರಲಾಯಿತು. ಈ ಸೂಚನೆಯಿರುವ ಕೊಂಡಿ ಶಿಫಾರಸಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. 2019ರಿಂದ ಗೂಗಲ್ ಅದನ್ನು ಒಂದು ಸುಳಿವು ಎಂದು ಪರಿಗಣಿಸುತ್ತಿದೆ. ಪಿಂಟರೆಸ್ಟ್‌ನ ಹೊರಕೊಂಡಿಗಳಲ್ಲಿಯೂ ಈ ಸೂಚನೆ ಇರುತ್ತದೆ. 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಎಂಬ ಪರಿಷ್ಕರಣೆಯ ನಂತರ, ಕೃತಕ ಕೊಂಡಿಗಳನ್ನು ಸೇರಿಸಿಕೊಂಡಿದ್ದ ಅನೇಕ ತಾಣಗಳು ಫಲಿತಾಂಶಗಳಲ್ಲಿ ಕೆಳಕ್ಕೆ ಇಳಿದವು. ಕಳಪೆ ಗುಣಮಟ್ಟದ ಪುಟಗುರುತು ತಾಣಗಳ ಕೊಂಡಿಗಳನ್ನು ಗೂಗಲ್ ತನ್ನ ನಿಯಮಾವಳಿಯಲ್ಲಿ ಹೆಸರಿಸಿಯೇ ನಿಷಿದ್ಧ ವಿಧಾನಗಳ ಪಟ್ಟಿಗೆ ಸೇರಿಸಿದೆ. ಹೀಗಾಗಿ ಹಣ ಕೊಟ್ಟು ಪಡೆದ ಕೊಂಡಿಯಿಂದ ಸ್ವಂತ ತಾಣದ ಹೆಸರಿಗೇ ಧಕ್ಕೆ ಬರುವ ಸಾಧ್ಯತೆ ಇರುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ಮೊದಲ ಸ್ಥಾನದ ಖಾತರಿ ಕೊಡುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ.

ಕಾನೂನಿಗೆ ಸಂಬಂಧಿಸಿದ ಅಂಶಗಳು

ಗ್ರಾಹಕರ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ, ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ತಮ್ಮ ಸರಕಿನ ಬಗ್ಗೆ ವಿಮರ್ಶೆ ಬರೆಯುವಂತಿಲ್ಲ. ಆದ್ದರಿಂದ ಬೇರೆ ಹೆಸರಿನ ಖಾತೆ ತೆರೆದು ತಮ್ಮ ಪುಟವನ್ನು ತಾವೇ ಹೊಗಳುವುದನ್ನು ಬಿಡತಕ್ಕದ್ದು. ಬೇರೆಯವರು ತೆಗೆದ ಛಾಯಾಚಿತ್ರಗಳನ್ನು ಅನುಮತಿಯಿಲ್ಲದೆ ತಮ್ಮ ಸರಕಿನದೆಂದು ತೋರಿಸಬಾರದು. ಚನ್ನಪಟ್ಟಣದ ಆಟಿಕೆಗಳು ಭೌಗೋಳಿಕ ಸೂಚಿಕೆಯ ನೋಂದಣಿ ಪಡೆದಿರುವುದರಿಂದ, ಬೇರೆಡೆ ತಯಾರಾದ ಆಟಿಕೆಗಳಿಗೆ ಆ ಹೆಸರನ್ನು ಗುರುತುಪದವಾಗಿ ಕೊಟ್ಟು ಮಾರುವುದು ಕಾನೂನಿನ ತೊಡಕಿಗೆ ಎಡೆಮಾಡುತ್ತದೆ.

ದೂರು ಸಲ್ಲಿಸಬೇಕಾದಲ್ಲಿ

ಪ್ರಚಾರದ ಹೆಸರಿನಲ್ಲಿ ಆನ್‌ಲೈನ್ ಮೂಲಕ ಹಣ ಪಡೆದು ವಂಚಿಸಿದ ಪ್ರಕರಣಗಳಲ್ಲಿ ವಿಳಂಬ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡುವುದು. ತ್ವರಿತವಾಗಿ ತಿಳಿಸಿದಲ್ಲಿ ಹಣ ವರ್ಗಾವಣೆಯನ್ನು ತಡೆಯುವ ಅವಕಾಶ ಹೆಚ್ಚಿರುತ್ತದೆ. ಗ್ರಾಹಕರಾಗಿ ದೂರು ಅಥವಾ ಮಾರ್ಗದರ್ಶನಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಕರೆ ಮಾಡುವ ಮುನ್ನ ಹಣ ಪಾವತಿಯ ದಿನಾಂಕ, ವಹಿವಾಟಿನ ಸಂಖ್ಯೆ, ಎದುರು ಪಕ್ಷದವರ ದೂರವಾಣಿ ಸಂಖ್ಯೆ ಹಾಗೂ ಅವರು ಕಳುಹಿಸಿದ ಸಂದೇಶಗಳ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು.